‘ಇಲ್ಲ’ ಎನ್ನದ ದಾವೂದಸಾಬ

ದಾವೂದಸಾಬನ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಬಿದ್ದುದನ್ನು ಕೇಳಿದವರು ನಮ್ಮೂರಲ್ಲಿ ಬಹುಕಾಲ ಯಾರೂ ಇರಲಿಲ್ಲ. ಮನೆಯಲ್ಲಿ ಎಣ್ಣೆ ತೀರಿದರೆ ‘ಹೆಚ್ಚಿತು’ ಎನ್ನುವುದು ನಮ್ಮ ಕಡೆಯ ಹೆಂಗಸರ ರೂಢಿ. ಇಲ್ಲವೆಂಬುದನ್ನು ಮನೆಯ ಗೋಡೆ ಕೇಳಿಸಿಕೊಂಡರೆ ಇದ್ದದ್ದೂ ಹೋದೀತೆಂಬ ಅಂಜಿಕೆ. ಊರವರ ಪಡಸಾಲೆಗಳಲ್ಲಿ ಕೂತು ಹತ್ತಿ ಹಿಂಜಿ ಗಾದಿ ತುಂಬಿಕೊಡುವ ಪಿಂಜಾರನಾದ ಅವನು ಆ ರೂಢಿಯನ್ನು ಆ ಹೆಂಗಸರಿಗಿಂತ ಬಿಗಿಯಾಗಿ ಹಿಡಿದುಬಿಟ್ಟಿದ್ದ. ಊಟವಾಯಿತೇ ಎಂದು ಕೇಳಿದರೆ ಹಸಿದ ಹೊಟ್ಟೆಯಲ್ಲೂ ‘ಆಗೇತ್ರಿ’ ಎನ್ನುವನು.

ಮೊರಬದ ದಾರಿಯಲ್ಲಿ ಹತ್ತಿ ಹಿಂಜುವ ಆಳುದ್ದದ ಬಿಲ್ಲನ್ನು ಹೆಗಲಿಗೇರಿಸಿ, ಎಡಗಾಲನ್ನು ಕೊಂಚ ಎಳೆದಿಡುತ್ತ ಅವನು ಬರುತ್ತಿದ್ದರೆ ಗಾಳಿಗೆ ಬಿಲ್ಲಿನ ನರ ತಾನೇ ಗುಂಯ್ಗುಡುತ್ತಿತ್ತು. ಮೈಮೇಲೆ ಯಾವ ಕಾಲದ್ದೋ ಕರಿಯ ಕೋಟು. ಅರಳೆಯ ಎಳೆ ಮೆತ್ತಿ ಮೆತ್ತಿ ಬೂದಿಬಣ್ಣಕ್ಕೆ ತಿರುಗಿದ್ದು. ಪೇಟೆಗೆ ಹೊರಡುವಾಗ ಮಾತ್ರ ಒಂದೊಂದೇ ಎಳೆಯನ್ನು ಆಯ್ದು ತೆಗೆದು, ಗುಂಡಿ ಹಾಕಿ, ಸಾಹುಕಾರನ ಠೀವಿಯಲ್ಲಿ ನಡೆಯುವನು. ಊರಿಗೆಲ್ಲ ಮೆತ್ತನೆಯ ಹಾಸಿಗೆ ಮಾಡಿಕೊಟ್ಟವನ ಹೆಂಡತಿ ಮೈಮುನಬಿ ಮಲಗುತ್ತಿದ್ದುದು ಗೋಣಿತಟ್ಟಿನ ಮೇಲೆ. ಹಾಳುಬಿದ್ದ ಕೋಟೆಗೋಡೆಗೆ ಹತ್ತಿಕಟ್ಟಿಗೆಯ ತಟ್ಟಿ ಒರಗಿಸಿಕೊಂಡ ಒಂದು ಮರೆಯೇ ಅವರ ವಾಸ. ಮಳೆ ಹಿಡಿದರೆ ಕರಿನೆಲ ಹೊರಗೂ ಒಳಗೂ ಒಂದೇ ತೆರನಾಗಿ ಕೆಸರಾಗುತ್ತಿತ್ತು. ಅದನ್ನೂ ಅವನು ‘ನಮ್ಮನಿ’ ಎಂದೇ ಅನ್ನುತ್ತಿದ್ದ.

ಎಪ್ಪತ್ತೈದರ ಆಷಾಢದಲ್ಲಿ ಮೈಮುನಬಿ ಕೆಮ್ಮಿದಾಗ ರಕ್ತ ಬಂತು. ನೆರೆಯ ರೇವವ್ವ ತನ್ನ ಚಕ್ಕಡಿ ಹೂಡಿಸಿ, ತಾನೂ ಕೂತು, ಗಂಡಹೆಂಡಿರನ್ನು ಪೇಟೆಯ ದವಾಖಾನೆಗೆ ಕರೆದೊಯ್ದು ಹೊರಗೆ ಕಾದಳು. ಡಾಕ್ಟರು ಒಳ್ಳೆಯವರೇ, ಇದ್ದುದನ್ನು ಹಂಚುವ ಸಂಕಟದಲ್ಲಿ ನವೆದವರು.

“ಸಾಬ್ರ, ಇದು ಕ್ಷಯ. ಗುಳಗಿ ನಾ ಕೊಡ್ತೀನಿ, ಆದ್ರ ಬೆಚ್ಚಗ ಗಾಳಿಯಾಡೂ ಮನ್ಯಾಗ ಮಲಗಸಬೇಕು. ಇಲ್ಲಿ ಖಾಲಿ ಇರೂದು ಒಂದ ಹಾಸಿಗಿ. ಮನಿ ಇಲ್ಲದವರಿಗಂತ ಅದನ್ನ ಇಟ್ಟೀನಿ. ನಿಮಗ ಮನಿ ಐತಿಲ್ಲೋ?”

ಮೈಮುನಬಿ ಹಿಂದಿನಿಂದ ಕೋಟಿನ ಅಂಚು ಜಗ್ಗಿದಳು. ಸರದಿಯಲ್ಲಿ ಕೂತವರೆಲ್ಲ ಇತ್ತಲೇ ನೋಡುತ್ತಿದ್ದರು.

“ಐತ್ರಿ,” ಎಂದ ದಾವೂದಸಾಬ. ಒಂದೆಳೆ ಅರಳೆಯಿಲ್ಲದ ಆ ಕೋಟನ್ನು ನೋಡಿ ಡಾಕ್ಟರು ನಂಬಿದರು.

ಮರಳಿ ಬರುವಾಗ ಸಂಗತಿ ತಿಳಿದು ರೇವವ್ವ ಸಿಡಿದೆದ್ದಳು. “ಆ ತಟ್ಟಿಗೆ ಮನಿ ಅಂತಾರೇನ ದಾವೂದಣ್ಣಾ? ಬಾಯಿಬಿಟ್ಟು ಇಲ್ಲಂದಿದ್ರ ನಿನ್ನ ಗಂಟೇನ ಹೋಗತಿತ್ತು? ಚಕ್ಕಡಿ ತಿರಗಸು, ಹೋಗೂಣು.”

“ತಂಗೀ, ಕೆರಿಗೆ ಕೊಡ ಇಟಗೊಂಡ ಹೋದಾಗ ಮನ್ಯಾಗ ನೀರೈತಿಲ್ಲೋ ಅಂತ ನಿನ್ನ ಯಾರರ ಕೇಳ್ಯಾರೇನು? ತುಂಬ್ಕೊಂಡ ಬರತಿ. ಸೂರು, ಔಷಧ ಎರಡೂ ಹಂಗ ಸಿಗಬೇಕವಾ. ಇಲ್ಲಂತ ನಮ್ಮ ಬಾಯಿಲೆ ಅನಿಸಿ ಕೊಟ್ರ ಅದು ಭಿಕ್ಷಾ.”

ನಮ್ಮ ಕೆರೆಯಲ್ಲೂ ಎಲ್ಲರಿಗೂ ಒಂದೇ ಮೆಟ್ಟಿಲಿರಲಿಲ್ಲ, ಆ ಮಾತು ಬೇರೆ. ಆದರೂ ಅವನು ಹೇಳಿದ್ದನ್ನು ಇಂದಿಗೂ ತಳ್ಳಿಹಾಕಲಾರೆ. ಆ ಮಾತಿಗೆ ಅವನು ತೆತ್ತದ್ದನ್ನು ನೆನೆದರೆ ಒಪ್ಪಿಕೊಳ್ಳಲೂ ಎದೆಯಾಗುವುದಿಲ್ಲ.

ಚಕ್ಕಡಿ ತಿರುಗಲಿಲ್ಲ. ಜಡಿಮಳೆ ಶುರುವಾಯಿತು. ಮೈಮುನಬಿಯ ಕೆಳಗಿನ ಗೋಣಿತಟ್ಟು ಒಣಗಲೇ ಇಲ್ಲ. ಕಡೆಗೆ ರೇವವ್ವ ತಾನೇ ದವಾಖಾನೆಗೆ ಓಡಿದಳು. ಅಷ್ಟರಲ್ಲಿ ಆ ಹಾಸಿಗೆಯ ಮೇಲೆ ದೇವಿಕೊಪ್ಪದಿಂದ ಕೂಲಿಗೆ ಬಂದವನೊಬ್ಬ ಮಲಗಿದ್ದ, ಅವನಿಗೂ ಮನೆಯಿರಲಿಲ್ಲ. ಅವನನ್ನು ಎಬ್ಬಿಸಿರೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಶ್ರಾವಣ ಮುಗಿಯುವ ಮೊದಲೇ ಮೈಮುನಬಿ ತೀರಿಕೊಂಡಳು. ಗುಳಿಗೆಗಳು ಇನ್ನೂ ಉಳಿದಿದ್ದವು.

ಮರುವರ್ಷ ಮನೆಯಿಲ್ಲದವರಿಗೆ ಜಾಗ ಹಂಚಲು ಅಧಿಕಾರಿಯೊಬ್ಬರು ಚಾವಡಿಗೆ ಬಂದರು. ದಾವೂದಸಾಬ ಹೋಗಿ ನಿಂತ. ಕೋಟಿನ ತುಂಬ ಅರಳೆ, ಆಯ್ದು ತೆಗೆದಿರಲಿಲ್ಲ.

“ಮನಿ ಐತೇನಪಾ?”

“ಇಲ್ರಿ.”

ಚಾವಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ರೇವವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹೆಂಡ್ತಿ, ಮಕ್ಕಳು?”

“ಇಲ್ರಿ.”

“ಒಂಟಿ ಮನಷಾಗ ಜಾಗಾ ಬರೂದಿಲ್ಲಪಾ. ಇದು ಸಂಸಾರಸ್ಥರಿಗಷ್ಟ.”

ಅವನು ಗೋಡೆಗೆ ಆನಿಸಿದ್ದ ಬಿಲ್ಲನ್ನು ಹೆಗಲಿಗೇರಿಸಿ, ಎಡಗಾಲೆಳೆಯುತ್ತ ಹೊರಟುಹೋದ.

ಇಂಥವರನ್ನು ಗರ್ವಿಷ್ಠರೆಂದು ಜರೆಯುವುದು ಸುಲಭ. ತಮ್ಮ ಇಲ್ಲಗಳನ್ನು ಬೀದಿಯಲ್ಲಿ ಹರವಿ ತೋರಿಸಲಾರದ ಈ ಬಗೆಯ ಜನ, ನೀರಿಗೆ ಬಾಯಾರಿಕೆಯಷ್ಟೇ ಸಾಕು ಎನ್ನುವ ಕೆರೆಯ ನ್ಯಾಯವನ್ನು ನಂಬಿದವರು. ಸೂರಿಗೂ ಔಷಧಕ್ಕೂ ಆ ನ್ಯಾಯ ಬಂದೀತೆಂದು ಬರೆಯುವ ಧೈರ್ಯ ನನಗಿಲ್ಲ. ಕೊಡುವವರ ಕಿವಿಗೆ ‘ಇಲ್ಲ’ ಎಂಬುದು ಬೀಳಲೇಬೇಕು; ಅದನ್ನು ಆಡಲು ಇವರು ಕಲಿಯುವ ಹೊತ್ತಿಗೆ, ಕೊಟ್ಟರೂ ಬಾಳುವವರು ಮನೆಯಲ್ಲಿ ಉಳಿದಿರುವುದಿಲ್ಲ.