ನೆಫಿಲಿಮರಿಗೊಂದು ಕನ್ನಡ ಪದ

ಮೂವತ್ತೆರಡು ವರ್ಷ ಕನ್ನಡ ಮೇಷ್ಟ್ರಾಗಿದ್ದವನು ನಾನು, ದಕ್ಷಿಣಾಮೂರ್ತಿ. ಚಿಂತಾಮಣಿಯಲ್ಲಿ ಯಾವ ಅಂಗಡಿಯ ಬೋರ್ಡಿನಲ್ಲಿ ಕಾಗುಣಿತ ತಪ್ಪಿದ್ದರೂ ಒಳಗೆ ಹೋಗಿ ಹೇಳಿ ಬರುತ್ತೇನೆ. ಹೇಳದಿದ್ದರೆ ಅವತ್ತು ಊಟ ಸೇರುವುದಿಲ್ಲ. ಅಂಥ ನನ್ನ ಬರಹವನ್ನು ಹದಿನೇಳರ ಹುಡುಗಿಯೊಬ್ಬಳು ಕೇಳದೆ ತಿದ್ದಿದರೆ ನನಗೆ ಹೇಗಾಗಬೇಡ?

ಆ ಹುಡುಗಿ ಮಹತಿ, ನನ್ನ ಮಗಳು ಶ್ರೀವಲ್ಲಿಯ ಮಗಳು. ಮೂವರೂ ಒಂದೇ ಮನೆಯಲ್ಲಿದ್ದೇವೆ. ಮಹತಿ ತುಂಬ ಎತ್ತರ, ಅವಳ ತರಗತಿಯ ಗಂಡುಹುಡುಗರೂ ಅವಳ ಭುಜಕ್ಕೆ ಬರುತ್ತಾರೆ, ಅಷ್ಟೇ. ಈಚೆಗೆ ಬೆನ್ನು ಬಗ್ಗಿಸಿ, ಭುಜ ಒಳಕ್ಕೆಳೆದುಕೊಂಡು ನಡೆಯುತ್ತಿದ್ದಳು. ಜೂನಿನಲ್ಲಿ ವಾಲಿಬಾಲ್ ಬಿಟ್ಟಳು. ಶನಿವಾರ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ತಂಡದ ಆಯ್ಕೆಯಿದೆ, ದಯವಿಟ್ಟು ಕಳಿಸಿ ಎಂದು ಕಾಲೇಜಿನ ಪಿ.ಟಿ. ಮೇಡಂ ಶ್ರೀವಲ್ಲಿಗೆ ಮೂರು ಸಲ ಫೋನ್ ಮಾಡಿದ್ದರು. ನಾನು ಹೋಗಲ್ಲ ಎಂದು ಇವಳದು ಒಂದೇ ಹಟ. ಓದಿನ ಕಡೆ ಗಮನ ಬಂತೆಂದು ನಾನು ಬೆನ್ನು ಬೇರೆ ತಟ್ಟಿದ್ದೆ, ಬುದ್ಧಿಗೇಡಿ.

ಆ ವಾರವೇ ಗಣೇಶ್ ಪ್ರಸಾದ್ ಲೇಖನ ಕೇಳಿದ್ದ. ನನ್ನ ಹಳೆಯ ಶಿಷ್ಯ, ಮಾಸಪತ್ರಿಕೆಯೊಂದನ್ನು ನಡೆಸುತ್ತಾನೆ. ಯೆಹೂದ್ಯರ ಧರ್ಮಗ್ರಂಥದಲ್ಲಿ ಬರುವ ನೆಫಿಲಿಮರೆಂಬ ಭಾರೀ ದೇಹದವರ ಬಗ್ಗೆ ಬರೆಯಬೇಕಿತ್ತು. ಟೈಪ್ ಮಾಡಲು ನನಗೆ ಬಾರದು. ನಾನು ಹೇಳುತ್ತ ಹೋದೆ, ಮಹತಿ ಲ್ಯಾಪ್‌ಟಾಪಿನಲ್ಲಿ ಕುಟ್ಟುತ್ತ ಹೋದಳು.

ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳನ್ನು ಮೆಚ್ಚಿ ಮದುವೆಯಾದ ಕಾಲದಲ್ಲಿ ಇವರು ಭೂಮಿಯ ಮೇಲಿದ್ದರಂತೆ. ದೇವದೂತರಿಗೆ ಹುಟ್ಟಿದ ಮಕ್ಕಳು ಎಂದು ಕೆಲವು ಪಂಡಿತರು ಹೇಳಿದರು. ದೇವದೂತರೂ ಇಲ್ಲ ಮಣ್ಣೂ ಇಲ್ಲ, ಒಳ್ಳೆಯ ವಂಶದ ಗಂಡಸರು ಕೆಟ್ಟ ವಂಶದಿಂದ ಹೆಣ್ಣು ತಂದರು, ಅಷ್ಟೇ ಎಂದರು ಇನ್ನು ಕೆಲವರು. ಆ ಹೆಸರಿನ ಧಾತುವಿಗೆ ಬೀಳುವುದು ಎಂಬ ಅರ್ಥವಂತೆ. ಹಾಗಾಗಿ ಬಿದ್ದವರು ಎಂದು ಒಬ್ಬರು, ಬೀಳಿಸುವವರು ಎಂದು ಇನ್ನೊಬ್ಬರು ಅರ್ಥ ಮಾಡಿದರು. ಆಮೇಲೆ ಯೆಹೂದ್ಯರು ಕಳಿಸಿದ ಬೇಹುಗಾರರ ಕಥೆ. ಹೊಸ ನಾಡನ್ನು ನೋಡಿಕೊಂಡು ಬಂದ ಅವರು, ಅಲ್ಲಿ ಆ ಜನರಿದ್ದಾರೆ, ಅವರೆದುರು ನಾವು ಬರೀ ಮಿಡತೆಗಳು ಎಂದು ನಡುಗಿದರಂತೆ.

ಪ್ರಿಂಟ್ ಕೈಗೆ ಬಂದಾಗ ನೋಡುತ್ತೇನೆ, ನಾನು 'ರಾಕ್ಷಸರು' ಎಂದು ಹೇಳಿದ್ದ ಕಡೆಯಲ್ಲೆಲ್ಲ 'ದೊಡ್ಡವರು' ಎಂದಿದೆ.

"ಏನೇ ಇದು? ದೊಡ್ಡವರು ಅಂದ್ರೆ ಹಿರಿಯರು, ಮರ್ಯಾದಸ್ಥರು ಅಂತಾಗುತ್ತೆ ಕಣೇ. ಓದಿದೋರು ನಗ್ತಾರೆ."

"ಹಂಗೇ ಆಗ್ಲಿ ಬಿಡಿ ತಾತ."

"ಬಿಡಕ್ಕಾಗಲ್ಲ. ರಾಕ್ಷಸರು ಅಂತ ಹಾಕು."

"ಅವರೇನ್ ಮಾಡಿದ್ರು ತಾತ? ಬೇಹುಗಾರರು ನೋಡಿದ್ರು, ಹೆದರ್ಕೊಂಡ್ರು, ವಾಪಸ್ ಬಂದು ಎಲ್ಲರಿಗೂ ಹೇಳಿದ್ರು. ಅವರನ್ನ ಒಂದು ಮಾತು ಮಾತಾಡಿಸಿದ್ರಾ? ಎತ್ತರ ಇದ್ರು, ಅಷ್ಟೇ ತಾನೆ?"

ನನಗೆ ರೇಗಿತು. "ತಲೆಹರಟೆ ಬೇಡ. ಹೇಳಿದ್ದು ಮಾಡು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಮಂಚೇನಹಳ್ಳೀಲಿ ನೆಂಟರ ಮಗು ನಾಮಕರಣದ ದಿನ ನೀವೇ ಅಂದ್ರಲ್ಲ. ಇವಳನ್ನ ಬಾಗಿಲಲ್ಲಿ ನಿಲ್ಲಿಸಿದ್ರೆ ದೇವಸ್ಥಾನಕ್ಕೆ ದ್ವಾರಪಾಲಕರೇ ಬೇಡ, ಕೋರೆಹಲ್ಲು ಒಂದು ಬಾಕಿ ಅಂತ. ಎಲ್ರೂ ಎಷ್ಟು ನಕ್ರು. ಕಾಲೇಜಲ್ಲಿ ಯಾರು ಏನಂದ್ರೂ ನಂಗೆ ಲೆಕ್ಕಕ್ಕಿಲ್ಲ ತಾತ. ಮಹತಿ ಅಂದ್ರೆ ದೊಡ್ಡೋಳು ಅಂತ ಅರ್ಥ ಹೇಳಿ ಹೆಸರಿಟ್ಟೋರು ನೀವು."

ನೆನಪಾಯಿತು. ಜೂನಿನಲ್ಲೇ ಆ ನಾಮಕರಣ. ಒಬ್ಬಟ್ಟು ತಿನ್ನುತ್ತ ಅಂದಿದ್ದೆ, ಜನ ನಕ್ಕಿದ್ದಕ್ಕೆ ಉಬ್ಬಿ ಇನ್ನೊಂದು ಸಲವೂ ಅಂದಿದ್ದೆ. ಇವಳು ಎಲ್ಲಿ ನಿಂತಿದ್ದಳೋ, ಮುಖ ಹೇಗಿತ್ತೋ, ತಿರುಗಿ ನೋಡಿರಲಿಲ್ಲ.

ತಮಾಷೆಗೆ ಅಂದೆ ಎನ್ನಲು ಬಾಯಿ ತೆರೆದೆ. ಆ ಮಾತು ನನಗೇ ಹೇಸಿಗೆಯೆನಿಸಿತು. ಸಾವಿರಾರು ಮಕ್ಕಳಿಗೆ ಪಾಠ ಹೇಳಿದವನು, ಒಬ್ಬರೆದುರೂ ತಪ್ಪೊಪ್ಪಿಕೊಂಡವನಲ್ಲ.

"ತಪ್ಪಾಯ್ತು ಕಣಮ್ಮ," ಎಂದೆ. "ತುಂಬ ದೊಡ್ಡ ತಪ್ಪಾಯ್ತು."

ಅವಳು ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತೇ ಇದ್ದೆ. ಆಯ್ಕೆಗೆ ಹೋಗು ಎನ್ನುವ ಮುಖ ನನಗಿರಲಿಲ್ಲ.

ಲೇಖನ ಅವಳು ತಿದ್ದಿದ ಹಾಗೆಯೇ ಹೋಯಿತು. ಗಣೇಶ್ ಪ್ರಸಾದ್ ಫೋನ್ ಮಾಡಿ, "ಮೇಷ್ಟ್ರೇ, ದೊಡ್ಡವರು ಅನ್ನೋದು ಅಷ್ಟು ಸರಿ ಹೋಗಲ್ವೇನೋ" ಎಂದು ರಾಗ ಎಳೆದ. ಒಂದಕ್ಷರ ಮುಟ್ಟಿದರೆ ನಿನ್ನ ಆಫೀಸಿಗೇ ಬಂದು ಕೂರುತ್ತೇನೆ ಎಂದೆ. ಮಹತಿಗೆ ಕೇಳಿಸಿರಬೇಕು, ಒಳಗಿನಿಂದ ಸಣ್ಣಗೆ ನಕ್ಕಳು.

ಶನಿವಾರ ಬೆಳಿಗ್ಗೆ ಅವಳು ಶೂ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತು, "ಜೊತೇಲಿ ಬರ್ತೀರಾ ತಾತ?" ಎಂದಳು. ಅಂಗಿಗೆ ಇಸ್ತ್ರಿಯೂ ಮಾಡಿಕೊಳ್ಳದೆ ಹೊರಟೆ. ಬಸ್ಸು ಶಿಡ್ಲಘಟ್ಟ ದಾಟಿದ ಮೇಲೆ ಅವಳು ಕಡಲೆಕಾಯಿಯ ಪೊಟ್ಟಣ ನನ್ನ ಕಡೆ ಚಾಚಿದಳು.

ಮೈದಾನದಲ್ಲಿ ಒಬ್ಬರು ಗೋಡೆಗೆ ಟೇಪು ಅಂಟಿಸಿಕೊಂಡು ಹುಡುಗಿಯರ ಎತ್ತರ ಅಳೆಯುತ್ತಿದ್ದರು. ಸಾಲಿನಲ್ಲಿದ್ದವರೆಲ್ಲ ಇವಳನ್ನೇ ತಿರುಗಿ ತಿರುಗಿ ನೋಡಿದರು. ಇವಳ ಭುಜ ಮತ್ತೆ ಒಳಕ್ಕೆ ಹೋಯಿತು. ನೆಟ್ಟಗೆ ನಿಂತ್ಕೋ ಎಂದು ಕೂಗಲು ನಾಲಿಗೆ ತುರಿಸಿತು. ಈ ನಾಲಿಗೆ ಮಾಡಿದ್ದು ಸಾಕೆಂದು ಸುಮ್ಮನಿದ್ದೆ.

ಅವಳ ಸರದಿ ಬಂತು. ಶೂ ಬಿಚ್ಚಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿದಳು. ಆಮೇಲೆ ನಿಧಾನವಾಗಿ ಬೆನ್ನು, ಭುಜ, ತಲೆ. ಅಳೆಯುವವರು ಕುರ್ಚಿ ಎಳೆದುಕೊಂಡು ಹತ್ತಬೇಕಾಯಿತು.

"ಐದು ಅಡಿ ಹನ್ನೊಂದೂವರೆ," ಎಂದರು. "ಹನ್ನೊಂದು ಅಂತ ಬರ್ಕೊಳ್ತೀನಮ್ಮ, ಅರ್ಧ ಬಿಡು."

"ಬಿಡ್ಬೇಡಿ ಸಾರ್," ಎಂದಳು ಮಹತಿ. "ಅರ್ಧಾನೂ ಬರ್ಕೊಳ್ಳಿ."