ಸಾಲಗುಂದಕ್ಕೆ ಮೊದಲೇ ಮುಟ್ಟಿದ ರಿಪೋರ್ಟು

ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಗೌಸಿಯಾ ಇನ್ನೂ ಕುರ್ಚಿ ಎಳೆದು ಕೂತಿರಲಿಲ್ಲ, ಸಾಲಗುಂದದ ಹೊನ್ನೂರಮ್ಮ ಎದುರಿಗೆ ಬಂದು ನಿಂತಳು.

"ನನಗ ಟಿಬಿ ಐತಂತ ನಮ್ಮೂರಾಗ ಯಾರು ಹೇಳ್ಯಾರ? ಕಫ ಕೊಟ್ಟು ಹೋಗೀನಿ, ರಿಪೋರ್ಟ್ ಇನ್ನೂ ನನ್ನ ಕೈಗೇ ಬಂದಿಲ್ಲ. ಭತ್ತ ನಾಟಿ ಮಾಡಾಕ ಹೋದ್ರ ಹೆಣ್ಮಕ್ಳು ನನ್ನ ಬಾಜೂ ನಿಲ್ಲವಲ್ರು."

ಗೌಸಿಯಾಳ ಕಣ್ಣು ಲ್ಯಾಬಿನ ಕಡೆ ಹೊರಳಿತು. ಅಲ್ಲಿ ರಕ್ತ, ಕಫ ಪರೀಕ್ಷಿಸುವ ಅಂಬಪ್ಪನೂ ಸಾಲಗುಂದದವನೇ. ಮಾತು ಅವನ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ.

ಎರಡು ದಿನ ಅವನ ಮೇಲೆ ಕಣ್ಣಿಟ್ಟಳು. ಫೋನಿನಲ್ಲಿ ಅವನು ದನಿ ತಗ್ಗಿಸಿದರೆ ಕಿವಿ ಕೊಟ್ಟಳು. ಅವನು ಸುಮ್ಮನೆ ನಕ್ಕರೂ ಏನೋ ಮಸಲತ್ತು ಕಂಡಿತು. ಮೂರನೆಯ ದಿನ ತನ್ನ ಅನುಮಾನವನ್ನು ಡಾಕ್ಟರ್ ಮಹೇಶ್ವರಿಯವರ ಕಿವಿಗೆ ಹಾಕಿಯೇ ಬಿಟ್ಟಳು.

ಡಾಕ್ಟರು ಅಂಬಪ್ಪನನ್ನು ಕರೆಸಿದರು. "ರೋಗಿ ಬ್ಯಾನಿ ಹೊರಗ ಹೇಳೋದು ಕಾನೂನಿಗೂ ತಪ್ಪು. ಗೊತ್ತೈತಿಲ್ಲೋ?"

"ನಮ್ಮವ್ವನಾಣೆ ಮೇಡಂ, ಹೇಣ್ತಿ ಮುಂದೂ ಅಂದಿಲ್ರೀ. ನಾ ರಿಪೋರ್ಟ್ ಕಂಪ್ಯೂಟರಿಗೆ ಹಾಕೀನಿ ಅಷ್ಟ. ಮುಂದ ಎಲ್ಲಿಗೆ ಹೋಗ್ಯಾದ ನೀವ ನೋಡ್ರಿ."

ನೋಡಿದರು. ರಿಪೋರ್ಟು ಸಿದ್ಧವಾದ ಸಂಜೆಯೇ ವಾಟ್ಸಾಪಿನಲ್ಲಿ ಒಂದು ನಂಬರಿಗೆ ಹೋಗಿತ್ತು. ಎಲ್ಲರ ರಿಪೋರ್ಟಿನಂತೆ ಇದನ್ನೂ ಚೀಟಿಯ ನಂಬರು ನೋಡಿ ಕಳಿಸಿದವಳು ಗೌಸಿಯಾ. ಹೊನ್ನೂರಮ್ಮನ ಹತ್ತಿರ ಫೋನಿರಲಿಲ್ಲ. 'ಯಾರದರ ಒಂದು ನಂಬರ್ ಹೇಳಕ್ಕ, ಇಲ್ದಿದ್ರ ಚೀಟಿ ಆಗಂಗಿಲ್ಲ' ಎಂದು ಅವಸರಪಡಿಸಿದ್ದು ತಾನೇ. ಪಾಪ, ಅವಳು ತನ್ನ ಓಣಿಯ ಕಿರಾಣಿ ಅಂಗಡಿಯ ಆದಪ್ಪನ ನಂಬರು ಹೇಳಿದ್ದಳು. ಅಂಗಡಿಗೆ ಬಂದವರಿಗೆಲ್ಲ ಅವನು ಓದಿ ಹೇಳಿದ್ದ.

ಅಂಬಪ್ಪ ಗೌಸಿಯಾಳನ್ನೊಮ್ಮೆ ದಿಟ್ಟಿಸಿ ಹೊರಗೆ ಹೋದ.

ಮಧ್ಯಾಹ್ನವೇ ಅವಳು ಸಾಲಗುಂದದ ಬಸ್ಸು ಹತ್ತಿದಳು.

"ತಪ್ಪು ನನ್ನದ ಅಕ್ಕ," ಎಂದು ನಡೆದದ್ದನ್ನೆಲ್ಲ ಹೇಳಿದಳು.

ಹೊನ್ನೂರಮ್ಮ ಹೊಸ್ತಿಲು ಬಿಟ್ಟು ಸರಿಯಲಿಲ್ಲ. "ನಂಬರ್ ನಾನ ಕೊಟ್ಟೀನಿ, ಖರೆ. ಆದ್ರ ನನ್ನ ಬ್ಯಾನಿ ಅದಕ್ಕ ಕಳಸ್ತೀನಂತ ನೀ ಒಂದು ಮಾತು ಕೇಳಿದ್ದಿಲ್ಲ."

"ಇಲ್ಲಕ್ಕ, ಕೇಳಿದ್ದಿಲ್ಲ. ಗುಳಗಿಗೆ ಬರ್ತೀಯಿಲ್ಲ?"

"ಬರ್ತೀನಿ. ನಾಲ್ಕು ಮಂದ್ಯಾಗ ನನ್ನ ಹೆಸರು ಹಿಡಿದು ಕೂಗಬ್ಯಾಡ."

ಸೋಮವಾರ ಹೊನ್ನೂರಮ್ಮ ಬಂದು ಬೆಂಚಿನ ತುದಿಯಲ್ಲಿ ಕೂತಾಗ, ಗೌಸಿಯಾ ಎದ್ದು ಹೋಗಿ ಮೆಲ್ಲಗೆ ಹೆಗಲು ಮುಟ್ಟಿ ಒಳಗೆ ಕರೆದೊಯ್ದಳು. ಈಗ ರಿಪೋರ್ಟು ರೋಗಿಯ ಕೈಗೇ ಕೊಡಬೇಕೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದಾರೆ. ಅಂಬಪ್ಪ ಮಾತ್ರ ಗೌಸಿಯಾಳೊಡನೆ ಇನ್ನೂ ಮಾತಾಡುತ್ತಿಲ್ಲ.