ಗೊಬ್ಬರ ಮುಟ್ಟಿಸದ ಸಾಲು

ನಾಲ್ಕನೆಯ ಕುಂಡವನ್ನು ಬೋರಲು ಹಾಕಿ ತಟ್ಟಿದಾಗ ಮಣ್ಣಿನ ಜೊತೆ ಬೇರಿನ ದೊಡ್ಡ ಗೊಂಚಲೇ ಈಚೆ ಬಂತು. ಸೊಸೆ ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಬೆರಳಿನಿಂದ ಮಣ್ಣು ಬಿಡಿಸಿ ತಕ್ಕಡಿಗಿಟ್ಟಳು. ಮೊದಲ ಮೂರಕ್ಕಿಂತ ಒಂದು ತೂಕ ಹೆಚ್ಚೇ. ಅವಳಿಗೆ ಕುಣಿಯುವಂತಾಯಿತು, ಎದುರಿಗೆ ಅತ್ತೆ ಕೂತಿದ್ದರಿಂದ ಕುಣಿಯಲಿಲ್ಲ, ಅಷ್ಟೆ.

ನರ್ಸರಿ ಅತ್ತೆಯದು, ಕೊನೆಯ ಮಾತೂ ಅತ್ತೆಯದೇ. ಬೇಲಿಗೆ ಹಬ್ಬಿದ್ದ ಕಾಡುದ್ರಾಕ್ಷಿಯನ್ನು ರೂಟ್‌ಸ್ಟಾಕ್ ಮಾಡೋಣ, ಅದರ ಬುಡಕ್ಕೆ ಒಳ್ಳೆಯ ದ್ರಾಕ್ಷಿ ಕಸಿ ಕಟ್ಟಿದರೆ ಯೂರಿಯಾ ಅಷ್ಟಾಗಿ ಬೇಕಾಗದು ಎಂದು ಸೊಸೆ ಹೇಳಿದಾಗ ಅವರು ನಕ್ಕಿದ್ದರು. ಉಣ್ಣದೆ ದುಡಿಯುವ ಆಳು ಎಲ್ಲಾದರೂ ಉಂಟೇ ಎಂಬುದು ಅವರ ಪ್ರಶ್ನೆ. ಕಾಟ ತಾಳಲಾರದೆ ಹತ್ತು ಕುಂಡ ಕೊಟ್ಟು ಪಂಥ ಕಟ್ಟಿದರು: ಬಳ್ಳಿಯ ಕಡ್ಡಿ ನೆಟ್ಟು, ಗೊಬ್ಬರ ಮುಟ್ಟಿಸದೆ ನಾಲ್ಕು ತಿಂಗಳು ಬೆಳೆಸು, ಹತ್ತಕ್ಕೆ ಹತ್ತೂ ದಟ್ಟವಾಗಿ ಬೇರು ಬಿಟ್ಟರೆ ನರ್ಸರಿಯ ಒಂದು ಪಾತಿ ನಿನ್ನದು, ಇಲ್ಲವಾದರೆ ಬೇಲಿಯ ಬಳ್ಳಿಯನ್ನೂ ಕಡಿಸಿಬಿಡುತ್ತೇನೆ.

ಐದನೆಯದೂ ಗೆದ್ದಿತು. ಆರನೆಯದನ್ನು ತೊಳೆಯುವಾಗ ಸೊಸೆಯ ಕೈ ನಿಂತಿತು. ಮೇಲೆ ಎಲೆ ಕಡುಹಸಿರು, ಕೆಳಗೆ ಇಲಿಬಾಲದಂಥ ಬೇರು. ಏಳನೆಯದೂ ಹಾಗೆಯೇ. ಹತ್ತು ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಸೋಲು. ಒಂದೇ ಬಳ್ಳಿಯ ಕಡ್ಡಿ, ಒಂದೇ ಮಣ್ಣು, ಒಂದೇ ನೀರು.

ಗೆದ್ದ ಅತ್ತೆ ಏನಾದರೂ ಕುಟುಕಬೇಕಿತ್ತು. ಅದರ ಬದಲು ಉಗುರಿನ ಮಣ್ಣು ತೆಗೆಯತೊಡಗಿದರು.

"ಈ ಸೋತ ಐದಕ್ಕೆ ನಾನೇ ಹಾಕ್ದೆ ಕಣಮ್ಮ," ಎಂದರು. "ವಾರಕ್ಕೊಂದು ಚಿಟಿಕೆ ಯೂರಿಯಾ. ಎಲೆ ಬಿಳಿಚ್ಕೊಂಡು, ಹೊಟ್ಟೆಗಿಲ್ಲದ ಮಕ್ಕಳ ಹಾಗೆ ನಿಂತಿದ್ವು. ನೋಡೋಕಾಗ್ಲಿಲ್ಲ."

"ಆ ಕಡೆ ಸಾಲಿನ ಐದಕ್ಕೆ?"

"ಅಲ್ಲಿಗೆ ಕೈ ಎಟುಕ್ಲಿಲ್ಲ. ಬಗ್ಗಿದ್ರೆ ಸೊಂಟ ಹಿಡ್ಕೊಳ್ಳುತ್ತೆ."

ಸೊಸೆಗೆ ಒಂದು ಗಳಿಗೆ ಮೈಯೆಲ್ಲ ಉರಿಯಿತು. ಮರುಗಳಿಗೆ ಎರಡು ರಾಶಿ ಬೇರನ್ನೂ ನೋಡಿದಳು, ಮತ್ತೆ ನೋಡಿದಳು. ಎದ್ದವಳೇ ಒದ್ದೆ ಕೈಯಲ್ಲಿ ಅತ್ತೆಯ ಭುಜ ಹಿಡಿದು ಅಲುಗಾಡಿಸಿಬಿಟ್ಟಳು.

"ಅತ್ತೆ, ಉಂಡಿದ್ದು ಸೋಮಾರಿ ಆಯ್ತು. ಹಸಿದಿದ್ದು ಹುಡುಕ್ಕೊಂಡು ಆಳಕ್ಕೆ ಹೋಯ್ತು. ನಾನು ಮಾಡಬೇಕಾಗಿದ್ದ ಪರೀಕ್ಷೆ ನೀವು ಮಾಡಿದ್ದೀರ."

ಅತ್ತೆ ಸುಲಭಕ್ಕೆ ನಂಬುವವರಲ್ಲ. ಎರಡು ರಾಶಿಯನ್ನೂ ತಾವೇ ತೂಗಿದರು. ತಕ್ಕಡಿಯನ್ನು ಬೈದು, ತಟ್ಟೆ ಒರೆಸಿ, ಇನ್ನೊಮ್ಮೆ ತೂಗಿದರು. ಹಸಿದ ರಾಶಿ ಉಂಡದ್ದರ ಮೂರರಷ್ಟಿತ್ತು. ಸೊಸೆ ಈಗ ನಿಜವಾಗಿಯೂ ಕುಣಿಯುತ್ತಿದ್ದಳು, ಬಕೆಟ್ಟಿನ ನೀರು ಚೆಲ್ಲಿದ್ದೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಸೊಸೆಯ ಗಂಡ ಮಚ್ಚು ಮಸೆದುಕೊಂಡು ಬಂದು, ಪಂಥದಂತೆ ಬೇಲಿಯ ಬಳ್ಳಿಯನ್ನು ಈಗಲೇ ತೆಗೆಯುವುದೋ ಎಂದು ಕೇಳಿದ. ಅತ್ತೆ ಮಚ್ಚನ್ನು ಇಸಿದುಕೊಂಡು ಮೂಲೆಗಿಟ್ಟು, ಕತ್ತರಿ ಕೊಡು ಎಂದರು. ಬೇಲಿಯ ಹತ್ತಿರ ಹೋಗಿ, ಸೊಂಟಕ್ಕೆ ಕೈ ಕೊಟ್ಟು ಬಗ್ಗಿ, ನೆಡುವುದಕ್ಕೆಂದು ಮೂರು ಮೂರು ಚಿಗುರುಗಣ್ಣಿರುವ ಗೇಣುದ್ದದ ಕಡ್ಡಿಗಳನ್ನು ಆರಿಸಿ ಕತ್ತರಿಸಿದರು. ಒಂದೊಂದನ್ನೂ ಒದ್ದೆ ಗೋಣಿಯ ಮೇಲೆ ಪಕ್ಕಪಕ್ಕಕ್ಕೆ ಮಲಗಿಸಿ, ಬಿಸಿಲು ತಾಗದಂತೆ ಹೊದಿಸಿದರು.